ಹಳೇ ಕಟ್ಟಡಕ್ಕೆ ನೀರಿನ ಭಯ ಯಾಕೆ?

ಹಳೇ ಕಟ್ಟಡಗಳನ್ನ ಬೆಂಕಿಯಿಂದ ಕಾಪಾಡೋ ಮಾತು ಬಂದಾಗೆಲ್ಲ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, ಬೆಂಕಿ ಆರಿಸೋಕೆ ಚಾವಣೀಲಿ ಕೂರಿಸೋ ನೀರು ಚಿಮ್ಮೋ ಸ್ಪ್ರಿಂಕ್ಲರ್ ಬೇಡಪ್ಪ, ಯಾವತ್ತೋ ಒಂದಿನ ಸುಮ್‌ಸುಮ್ನೆ ನೀರು ಸುರಿದು ಚಿತ್ರ, ಪುಸ್ತಕ ಎಲ್ಲಾ ಹಾಳಾಗತ್ತೆ ಅಂತ. ಸಿನಿಮಾದಲ್ಲಿ ತೋರಿಸ್ತಾರಲ್ಲ, ಸ್ವಲ್ಪ ಹೊಗೆ ಬಂದ್ರೆ ಸಾಕು ಇಡೀ ಬಿಲ್ಡಿಂಗಲ್ಲಿ ಮಳೆ, ಅದೇ ಎಲ್ಲರ ತಲೇಲಿ ಕೂತುಬಿಟ್ಟಿದೆ.

ಇನ್ನೊಂದ್ಸಲ ಸ್ಪ್ರಿಂಕ್ಲರ್ ಕಣ್ಣಿಗೆ ಬಿದ್ರೆ ಸ್ವಲ್ಪ ನಿಂತು ನೋಡಿ. ಮಧ್ಯೆ ಬೆಂಕಿಕಡ್ಡಿ ತುಂಡಿನಷ್ಟು ಒಂದು ಗಾಜಿನ ಕೊಳವೆ ಇರತ್ತೆ, ಒಳಗೆ ಕೆಂಪು ದ್ರವ, ಅದರಲ್ಲೊಂದು ಪುಟ್ಟ ಗುಳ್ಳೆ. ಪೈಪಿನ ನೀರನ್ನ ತಡೆದು ನಿಲ್ಸಿರೋದು ಆ ಗಾಜೇ. ಕೆಂಪು ಬಣ್ಣದ್ದಾದ್ರೆ ಸುಮಾರು 68 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದಾಗ ದ್ರವ ಹಿಗ್ಗಿ ಗಾಜು ಒಡೆಯತ್ತೆ, ಆಗ ನೀರು ಬರೋದು ಅದೊಂದರಿಂದ ಮಾತ್ರ, ಪಕ್ಕದ ರೂಮಲ್ಲಿ ಒಂದು ಹನೀನೂ ಬೀಳಲ್ಲ. ಹೊಗೆಗೆ ಅದು ಒಡೆಯೋದೇ ಇಲ್ಲ. ಬೆಂಕಿ ಚಾವಣಿಗೆ ಹತ್ತಿದ ಮೇಲೆ ಫೈರ್ ಎಂಜಿನ್ ಬಂದು ಸುರಿಯೋ ನೀರಿನ ಮುಂದೆ ಇದು ಯಾವ ಲೆಕ್ಕ ಹೇಳಿ! ವಾಟರ್ ಮಿಸ್ಟ್ ಅಂತ ಇನ್ನೊಂದಿದೆ, ಮಂಜಿನ ಥರ ಸಣ್ಣ ಹನಿ, ಅದಕ್ಕೆ ಇನ್ನೂ ಕಮ್ಮಿ ನೀರು ಸಾಕು.

ನನಗೆ ತುಂಬಾ ಸಂಕಟ ಆಗೋದು ಸ್ಕಾಟ್ಲೆಂಡಿನ ಹಳೇ ಕಲಾಶಾಲೆ ಗ್ಲಾಸ್ಗೋ ಸ್ಕೂಲ್ ಆಫ್ ಆರ್ಟ್ ನೆನೆಸಿಕೊಂಡ್ರೆ. 2014ರ ಮೇ ತಿಂಗಳಲ್ಲಿ ನೆಲಮಾಳಿಗೇಲಿ ಹತ್ತಿದ ಬೆಂಕಿ ಗೋಡೆಯೊಳಗಿನ ಹಳೇ ಗಾಳಿಕೊಳವೆಗಳಲ್ಲಿ ಚಿಮಣಿ ಥರ ಮೇಲೇರಿ ಅಷ್ಟು ಚೆಂದದ ಮರದ ಲೈಬ್ರರೀನ ಸುಟ್ಟುಹಾಕ್ತು, ಮಿಸ್ಟ್ ಸಿಸ್ಟಮ್ ಹಾಕೋ ಕೆಲಸ ಆಗಿನ್ನೂ ನಡೀತಾ ಇತ್ತು. ಮತ್ತೆ ಕಟ್ಟೋಕೆ ಶುರು ಮಾಡಿದ್ರು, 2018ರ ಜೂನ್‌ನಲ್ಲಿ ಮತ್ತೆ ಬೆಂಕಿ, ಆಗಲೂ ಮಿಸ್ಟ್ ಚಾಲೂ ಆಗಿರಲಿಲ್ಲ. ಎರಡು ಸಲಾನೂ!

ರಿಪೇರಿ ಟೈಮೇ ಅತಿ ಅಪಾಯದ ಟೈಮು. ವೆಲ್ಡಿಂಗ್ ಕಿಡಿ, ಟೆಂಪರರಿ ವೈರಿಂಗು, ಎಲ್ಲೆಲ್ಲೂ ಮರದ ಹೊಟ್ಟು, ಅದರ ಮೇಲೆ ಕೆಲಸಕ್ಕೆ ಅಡ್ಡ ಅಂತ ಅಲಾರ್ಮ್ ಆಫ್ ಮಾಡಿರ್ತಾರೆ. ವೆಲ್ಡಿಂಗ್ ಮುಗಿದ ಮೇಲೂ ಕನಿಷ್ಠ ಒಂದು ಗಂಟೆ ಒಬ್ಬರು ಅಲ್ಲೇ ಕಾವಲಿರಬೇಕು, ಯಾಕಂದ್ರೆ ಹಳೇ ಮರದೊಳಗೆ ಕಿಡಿ ಕಾಣದ ಹಾಗೆ ಕುಳಿತಿರತ್ತೆ. ಅದಕ್ಕೇ ನಾನು ಹೇಳೋದು, ಬೆಂಕಿ ಆರಿಸೋ ವ್ಯವಸ್ಥೆ ಕೊನೇಗೆ ಹಾಕೋ ಐಟಮ್ ಆಗಬಾರದು, ಟೆಂಪರರಿಯಾದ್ರೂ ಸರಿ, ಮೊದಲ ದಿನವೇ ಇರಬೇಕು.

2019ರಲ್ಲಿ ಪ್ಯಾರಿಸ್ಸಿನ ಹಳೇ ಚರ್ಚು ನೋಟ್ರೆ ಡಾಮ್ ಹೊತ್ತಿಕೊಂಡಿದ್ದೂ ರಿಪೇರಿ ನಡೀತಿದ್ದಾಗಲೇ. ಅಲಾರ್ಮ್ ಹೊಡೀತು, ಆದ್ರೆ ನೋಡೋಕೆ ಹೋದವರು ಮೊದಲು ಹೋಗಿದ್ದು ಬೇರೆ ಅಟ್ಟಕ್ಕೆ, ಅಷ್ಟರಲ್ಲಿ ಸುಮಾರು ಅರ್ಧ ಗಂಟೆ ಹೋಯ್ತು. ಈ ಸಲ ಓಕ್ ಮರದ ಅಟ್ಟ ಮತ್ತೆ ಕಟ್ಟುವಾಗ ಅಲ್ಲಿ ಮಿಸ್ಟ್ ಹಾಕಿದ್ದಾರೆ.