ಹಣ ಕೊಟ್ಟವರಿಗೆ ಪುಸ್ತಕ ತಲುಪದಿರುವುದು ಯಾಕೆ

ಬೇಲೂರು, ಹಳೇಬೀಡಿನ ಶಿಲ್ಪಗಳ ಫೋಟೋ ಪುಸ್ತಕಕ್ಕೆ ಹಾಸನದ ತಂಡವೊಂದು, ಪುಸ್ತಕ ಆಮೇಲೆ ಕಳಿಸುತ್ತೇವೆಂದು ಹೇಳಿ, ವೆಬ್‌ಸೈಟ್ ಮೂಲಕ ಜನರಿಂದ ಮೊದಲೇ ಹಣ ಕೂಡಿಸಿತು ಎಂದಿಟ್ಟುಕೊಳ್ಳಿ. ತಲಾ 500 ರೂಪಾಯಿಯಂತೆ 300 ಜನ, 1,50,000. ವೆಬ್‌ಸೈಟ್‌ನ ಪಾಲು, ಪಾವತಿ ಶುಲ್ಕ ಸೇರಿ ಶೇ. 8 ಕಳೆದರೆ 1,38,000. ಪ್ರತಿಯೊಂದಕ್ಕೆ ಮುದ್ರಣ 260, ಅಂಚೆ 70, ರಟ್ಟಿನ ಡಬ್ಬಿ 15, ಒಟ್ಟು 1,03,500. ಕೈಯಲ್ಲಿ 34,500 ಉಳಿಯುತ್ತದೆ.

ಕೆಡುವುದು ಕೊನೆಯ ವಾರ, ಉತ್ಸಾಹದಲ್ಲಿ ‘ಎಲ್ಲರಿಗೂ ಟೀ ಶರ್ಟ್’ ಎಂದು ಘೋಷಿಸಿದಾಗ. 180ರಂತೆ 54,000 ಬೇಕು. ಅಲ್ಲಿಗೆ 19,500 ಕೊರತೆ. ಐದು ಸೈಜು, ಸೈಜು ಕೇಳಿದರೆ ಉತ್ತರಿಸದ ಜನ, ತೂಕ ಏರಿದಂತೆ ಏರುವ ಅಂಚೆ ದರ ಬೇರೆ. ಹೀಗೆ ಜನರಿಂದ ಹಣ ಕೂಡಿಸುವ ವೆಬ್‌ಸೈಟ್ ಕಿಕ್‌ಸ್ಟಾರ್ಟರ್ ಬಗ್ಗೆ 2015ರಲ್ಲಿ ಬಂದ ಅಧ್ಯಯನದ ಪ್ರಕಾರ, ಹಣ ಸಿಕ್ಕ ಯೋಜನೆಗಳಲ್ಲಿ ಸುಮಾರು ಶೇ. 9 ಹೇಳಿದ್ದನ್ನು ಕೊಡಲೇ ಇಲ್ಲ. ಅವರೆಲ್ಲ ಮೋಸಗಾರರಲ್ಲ, ಲೆಕ್ಕ ತಪ್ಪಿದವರೂ ಇರುತ್ತಾರೆ.

ಹಣ ಕೇಳುವ ಮೊದಲೇ ಅದೇ ಕಾಗದದಲ್ಲಿ ಒಂದು ಡಮ್ಮಿ ಪ್ರತಿ (ಖಾಲಿ ಹಾಳೆಗಳ ಮಾದರಿ) ಕಟ್ಟಿಸಿ, ಡಬ್ಬಿ ಸಮೇತ ಅಂಚೆ ಕಚೇರಿಯಲ್ಲಿ ತೂಗಿಸಿ. ಪುಟಗಳು 16ರ ಗುಣಕದಲ್ಲಿದ್ದರೆ ಕಾಗದ ಪೋಲಾಗುವುದಿಲ್ಲ. ಮುದ್ರಕರು ಕೊಟ್ಟ ಕೊಟೇಷನ್‌ನ ದರ ಎಷ್ಟು ದಿನ ನಡೆಯುತ್ತದೆಂದು ಬರೆಸಿಕೊಳ್ಳಿ.

ಚಿಕ್ಕಮಗಳೂರಿನಲ್ಲಿ ಬೈಂಡಿಂಗ್ ಮಾಡಿಸುವವರು ಜೂನ್‌ನಿಂದ ಆಗಸ್ಟ್‌ವರೆಗೆ ತಲುಪಿಸುವ ಮಾತು ಕೊಡಲೇಬೇಡಿ. ಮಳೆಗಾಲದ ತೇವಕ್ಕೆ ಹಾಳೆ ಸುರುಳಿಯಾಗುತ್ತದೆ, ಅಂಟು ಬೇಗ ಒಣಗುವುದಿಲ್ಲ.

ತಡವಾಗುವುದು ಖಚಿತವಾದ ದಿನವೇ ಖರ್ಚಿನ ಲೆಕ್ಕದೊಂದಿಗೆ ಎಲ್ಲರಿಗೂ ತಿಳಿಸಿ. ಹಣ ವಾಪಸ್ ಕೇಳಿದವರಿಗೆ ಮುದ್ರಣದ ಮುಂಗಡ ಕಟ್ಟುವ ಮೊದಲೇ ಕೊಟ್ಟುಬಿಡಿ, ಆಮೇಲೆ ಆ ದುಡ್ಡು ನಿಮ್ಮ ಕೈಯಲ್ಲಿರುವುದಿಲ್ಲ.