ಹದಿನಾಲ್ಕು ಹುಡುಗಿಯರು, ಒಂದು ಗೋಲು

ಹೋದ ಶನಿವಾರ ಸಂಜೆ ಮಗಳು ಮನೆಗೆ ಬಂದಾಗ ಮೂಗು ಕೆಂಪಾಗಿತ್ತು, ಕೈಗವಸು ತೊಯ್ದು ತೊಪ್ಪೆಯಾಗಿತ್ತು. ಪಕ್ಕದ ಮನೆಯ ಕೋಚ್ ಜೊತೆ ಕಾಲೇಜಿನ ಲಕ್ರಾಸ್ ಪಂದ್ಯಕ್ಕೆ ಹೋಗಿದ್ದಳು. ಗೆರೆಯಾಚೆ ಹೋದ ಚೆಂಡು ಎತ್ತಿಕೊಡುವ ಕೆಲಸ. ನಾನು ಕುಕ್ಕರ್ ಇಳಿಸುತ್ತಾ ಕೇಳಿದೆ, "ಗೆದ್ರಾ?"

"ಇಲ್ಲ. ಅವರು ಇಪ್ಪತ್ತೊಂದು, ನಾವು ಒಂದು."

ಶೂ ಬಿಚ್ಚುತ್ತಾ, ತಲೆ ಕೂಡ ಎತ್ತದೆ ಇನ್ನೊಂದು ಮಾತು ಸೇರಿಸಿದಳು. "ಅಪ್ಪಾ, ನೀನು ಯಾವಾಗ್ಲೂ ಮೊದಲು ಅದನ್ನೇ ಕೇಳ್ತೀಯ. ಆಟ ಮುಗಿದ ಮೇಲೆ ಕೋಚ್ ಮೊದಲು ಕೇಳಿದ್ದು ಎಲ್ಲರೂ ಏನಾದ್ರೂ ತಿಂದ್ರಾ ಅಂತ."

ಊಟ ಆಯ್ತಾ ಅನ್ನೋದು ನಮ್ಮ ಪ್ರಶ್ನೆ ಅಲ್ವಾ? ತಿಪಟೂರಿನ ಕಡೆಯವನಾದ ನನಗೆ, ಅಮೆರಿಕದ ಓಹಾಯೋದಲ್ಲಿ ಹುಟ್ಟಿದ ಹತ್ತು ವರ್ಷದ ಹುಡುಗಿ ಅದನ್ನು ನೆನಪು ಮಾಡಿಕೊಡಬೇಕಾಯಿತು. ಅವಳಿಗೆ ಅನ್ನ ಸಾರು ಬಡಿಸಿದೆ. ನನಗೆ ಸೇರಲಿಲ್ಲ.

ಈ ಕೋಚ್ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದದ್ದು ಎರಡು ಬೇಸಿಗೆಯ ಹಿಂದೆ. ನಮ್ಮ ಊರಿನ ಸಣ್ಣ ಕಾಲೇಜು ಹೆಣ್ಣುಮಕ್ಕಳ ಲಕ್ರಾಸ್ ತಂಡ ಶುರು ಮಾಡಲು ಅವರನ್ನು ಕರೆಸಿತ್ತು. ಇದ್ದ ತಂಡವನ್ನು ನಡೆಸೋಕಲ್ಲ, ಇಲ್ಲದ ತಂಡವನ್ನು ಕಟ್ಟೋಕೆ. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಕೋಲಿನ ಕಟ್ಟು, ಬಲೆಯ ಸುರುಳಿ, ಕಣ್ಣಿಗೆ ಹಾಕುವ ತಂತಿಯ ಕನ್ನಡಕದ ಡಬ್ಬಿಗಳು. ಆಡುವವರು ಮಾತ್ರ ಒಬ್ಬರೂ ಇಲ್ಲ.

ಲಕ್ರಾಸ್ ನೋಡಿರದವರಿಗೆ ಎರಡು ಮಾತು. ಕೋಲಿನ ತುದಿಗೆ ಒಂದು ಸಣ್ಣ ಬಲೆ. ಅದರಲ್ಲಿ ಗಟ್ಟಿ ರಬ್ಬರ್ ಚೆಂಡು ಹಿಡಿದು ಓಡಬೇಕು, ಎಸೆಯಬೇಕು, ಆರಡಿ ಎತ್ತರ ಆರಡಿ ಅಗಲದ ಗೋಲಿಗೆ ಹಾಕಬೇಕು. ಹುಡುಗಿಯರ ಕೋಲಿನ ಬಲೆ ಹೆಚ್ಚು ಆಳವಿರೋದಿಲ್ಲ. ಸುಮ್ನೆ ಓಡಿದರೆ ಚೆಂಡು ಬಿದ್ದೇ ಹೋಗುತ್ತೆ. ಅದಕ್ಕೆ ಓಡುವಾಗ ಕೋಲನ್ನು ಆ ಕಡೆ ಈ ಕಡೆ ತೂಗುತ್ತಾ ಇರಬೇಕು. ಇದನ್ನು ಕ್ರೇಡ್ಲಿಂಗ್ ಅಂತಾರೆ, ನಮ್ಮ ಮಾತಲ್ಲಿ ತೊಟ್ಟಿಲು ತೂಗೋದು. ನನ್ನ ಮಗಳು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂಬೆಹಣ್ಣು ತೂಗಿದ್ದೇ ತೂಗಿದ್ದು.

ಮೊದಲ ವರ್ಷ ಪೂರ್ತಿ ಕೋಚ್ ಮಾಡಿದ್ದು ಫೋನು ಮತ್ತು ಪ್ರಯಾಣ. ಎಲ್ಲೆಲ್ಲೋ ಹೈಸ್ಕೂಲ್ ಪಂದ್ಯ ನೋಡೋದು, ಅಪ್ಪ ಅಮ್ಮಂದಿರ ಜೊತೆ ಮಾತಾಡೋದು. ಈ ಕಾಲೇಜು ಇರೋದು ಇಲ್ಲಿನ ಕಾಲೇಜು ಆಟಗಳ ಮೂರನೇ ಡಿವಿಷನ್‌ನಲ್ಲಿ. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ದುಡ್ಡಿಲ್ಲ, ಹೆಸರಿಲ್ಲ, ಗೋಡೆಯ ಮೇಲೆ ಒಂದು ಹಳೇ ಫೋಟೋನೂ ಇಲ್ಲ. ಹುಡುಗಿಯರಿಗೆ ಏನು ಹೇಳ್ತೀರಿ ಅಂತ ಒಮ್ಮೆ ಕೇಳಿದ್ದೆ. "ನಮ್ಮಲ್ಲಿ ಯಾವ ದಾಖಲೆಯೂ ಇಲ್ಲ, ನೀನು ಹೊಡೆಯೋ ಮೊದಲ ಗೋಲೇ ಕಾಲೇಜಿನ ದಾಖಲೆ ಅಂತೀನಿ" ಅಂದು ನಕ್ಕರು. ಆ ಮಾತಿಗೆ ಒಲಿದು ಬಂದವರು ಹದಿನಾಲ್ಕು ಜನ. ಮೈದಾನಕ್ಕೆ ಇಳಿಯಲು ಹನ್ನೆರಡು ಬೇಕು. ಇಬ್ಬರಿಗೆ ಕಾಲು ಉಳುಕಿದರೂ ಆಟ ನಡೆಯುತ್ತೆ, ಮೂರನೆಯವಳಿಗೆ ಜ್ವರ ಬರಬಾರದು, ಅಷ್ಟೇ.

ಕಾಲೇಜಿನವರು ಧರ್ಮಕ್ಕೆ ತಂಡ ಕಟ್ಟಿದ್ದಾರೆ ಅಂದುಕೊಳ್ಳಬೇಡಿ. ಇಲ್ಲಿನ ಸಣ್ಣ ಖಾಸಗಿ ಕಾಲೇಜುಗಳಿಗೆ ವಿದ್ಯಾರ್ಥಿಗಳೇ ಸಿಗುತ್ತಿಲ್ಲ. ಹೊಸ ಆಟ ಸೇರಿಸಿದರೆ ಅದಕ್ಕಾಗಿ ಬರುವ ಹುಡುಗಿಯರು ಫೀಸೂ ಕಟ್ಟುತ್ತಾರೆ. ಜೊತೆಗೆ 1972ರ ಟೈಟಲ್ ನೈನ್ ಕಾನೂನು ಇದೆ. ಕೇಂದ್ರ ಸರ್ಕಾರದ ದುಡ್ಡು ತಗೊಳ್ಳುವ ಕಾಲೇಜು ಹೆಣ್ಣು ಗಂಡೆಂದು ಭೇದ ಮಾಡುವ ಹಾಗಿಲ್ಲ, ಆಟದಲ್ಲೂ. ಲೆಕ್ಕಾಚಾರವೇ ಇರಲಿ, ಆ ಲೆಕ್ಕಾಚಾರದಲ್ಲಿ ಹುಡುಗಿಯರಿಗೆ ಮೈದಾನ ಸಿಕ್ಕಿತಲ್ಲ.

ಆಟವೇನೋ ಹೊಸದಲ್ಲ. ಇದು ಈ ನೆಲದ ಮೂಲ ಜನರದ್ದು. ನ್ಯೂಯಾರ್ಕ್, ಕೆನಡಾ ಕಡೆಯ ಹೌಡೆನೊಶೋನಿಗಳಿಗೆ ಇದು ದೇವರು ಕೊಟ್ಟ ಆಟ, ಕಾಯಿಲೆ ವಾಸಿಯಾಗಲಿ ಅಂತಲೂ ಆಡುತ್ತಾರೆ. ಅವರ ತಂಡ ತಮ್ಮದೇ ಪಾಸ್‌ಪೋರ್ಟ್ ಹಿಡಿದು ಓಡಾಡುತ್ತದೆ. 2010ರಲ್ಲಿ ಮ್ಯಾಂಚೆಸ್ಟರಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಬ್ರಿಟನ್ ಆ ಪಾಸ್‌ಪೋರ್ಟ್ ಒಪ್ಪಲಿಲ್ಲ. ಆಟ ಯಾರದೋ ಅವರೇ ಆಡಲಾಗಲಿಲ್ಲ. ವೀಸಾ ತಾರೀಖು ಎಣಿಸಿಕೊಂಡೇ ಬದುಕುವ ನನ್ನಂಥವನಿಗೆ ಇದನ್ನು ಕೇಳಿ ಹೊಟ್ಟೆಯಲ್ಲಿ ಏನೋ ಆಯಿತು.

ಇನ್ನೊಂದು ತಮಾಷೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಲಕ್ರಾಸ್ ವಾಪಸ್ ಬರುತ್ತಿದೆ. ಅದು ತೀರ್ಮಾನವಾದದ್ದು 2023ರ ಅಕ್ಟೋಬರಿನಲ್ಲಿ, ನಮ್ಮ ಮುಂಬೈಯಲ್ಲಿ ಕೂತು. ಅದೇ ಸಭೆಯಲ್ಲಿ ಕ್ರಿಕೆಟ್ಟೂ ಸೇರಿತು. ಆ ದಿನ ಊರಿಂದ ನನಗೆ ಬಂದ ಮೆಸೇಜುಗಳೆಲ್ಲ ಕ್ರಿಕೆಟ್ ಬಗ್ಗೆಯೇ. ನಮ್ಮ ಕೋಚ್ ಮಾತ್ರ ಬೇಲಿಯ ಆಚೆಯಿಂದ "ಥ್ಯಾಂಕ್ಸ್, ಇಂಡಿಯಾ" ಅಂತ ಕೂಗಿದ್ದರು.

ಮೊದಲ ಪಂದ್ಯಕ್ಕೆ ವಾರವಿದ್ದಾಗ ಮಗಳನ್ನು ಬಿಡಲು ಮೈದಾನಕ್ಕೆ ಹೋಗಿದ್ದೆ. ಅಲ್ಲಿ ಇದ್ದದ್ದು ಫುಟ್‌ಬಾಲಿನ ಗೆರೆಗಳು. ಕೋಚ್ ಮಂಡಿಯೂರಿ ಕೂತು, ಗೋಲಿನ ಹತ್ತಿರ ಒಂದು ಮೊಳೆ ನೆಟ್ಟು, ಅದಕ್ಕೆ ದಾರ ಕಟ್ಟಿ ಎಂಟು ಮೀಟರಿನ ಅರೆಚಂದ್ರ ಎಳೆಯುತ್ತಿದ್ದರು. ಇನ್ನೊಂದು ಕೈಯಲ್ಲಿ ನೀಲಿ ಬಣ್ಣದ ಡಬ್ಬ. ಗಾಳಿಗೆ ಬಣ್ಣವೆಲ್ಲ ಅವರ ಪ್ಯಾಂಟಿಗೇ.

ನಮ್ಮ ಪಿ.ಟಿ. ಮೇಷ್ಟ್ರು ಹೀಗೇ ಗೆರೆ ಎಳೆಯುತ್ತಿದ್ದರು. ತೂತಿನ ಡಬ್ಬದಲ್ಲಿ ಸುಣ್ಣದ ಪುಡಿ, ತೆಂಗಿನ ನಾರಿನ ಹಗ್ಗ. ನಮ್ಮ ಹೈಸ್ಕೂಲಿನಲ್ಲಿ ಖೋ ಖೋ ತಂಡ ಅಂತ ಇರಲೇ ಇಲ್ಲ. ಅವರು ಬಂದ ವರ್ಷ ಎರಡು ಅಡಿಕೆ ಮರದ ತುಂಡು ನೆಟ್ಟು ಕಂಬ ಮಾಡಿದರು. ಆಡುವವರು ಒಂಬತ್ತು, ತಂಡಕ್ಕೆ ಹನ್ನೆರಡು. ಲೆಕ್ಕ ಭರ್ತಿಗೆ ನನ್ನನ್ನೂ ಕ್ಲಾಸಿನಿಂದ ಎಬ್ಬಿಸಿಕೊಂಡು ಹೋದರು. ತಾಲೂಕು ಕ್ರೀಡಾಕೂಟದಲ್ಲಿ ಮೊದಲ ಪಂದ್ಯದಲ್ಲೇ ಚೆನ್ನಾಗಿ ಸೋತೆವು. ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ತಮ್ಮ ಜೇಬಿನ ದುಡ್ಡಲ್ಲಿ ಖಾರಾಪುರಿ ಕೊಡಿಸಿ, ಪೊಟ್ಟಣ ಎಣಿಸಿ ಎಣಿಸಿ, "ಎಲ್ಲಾ ತಿಂದ್ರೇನ್ರೋ?" ಅಂತ ಕೇಳಿದ್ದರು.

ಸೋಮವಾರ ಪ್ರಾರ್ಥನೆಯಲ್ಲಿ ಹೆಡ್‌ಮೇಷ್ಟ್ರು ಕೇಳಿದ್ದು ಒಂದೇ, "ಗೆದ್ರೇನಪ್ಪಾ?" ಆ ವಾರದಿಂದಲೇ ಪಿ.ಟಿ. ಪೀರಿಯಡ್ ಗಣಿತಕ್ಕೆ ಹೋಯಿತು, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ. ಕಂಬ ಕಿತ್ತು ಯಾರೋ ಒಲೆಗೆ ಹಾಕಿದರು. ನಾನು ಗಣಿತದಲ್ಲಿ ಒಳ್ಳೆಯ ಅಂಕ ತೆಗೆದೆ, ಆ ಅಂಕವೇ ನನ್ನನ್ನು ಇಲ್ಲಿಗೆ ತಂದಿತು. ಹೆಡ್‌ಮೇಷ್ಟ್ರನ್ನು ಪೂರ್ತಿ ಬೈಯೋಕೂ ಆಗೋದಿಲ್ಲ ನೋಡಿ.

ಭಾನುವಾರ ಬೆಳಿಗ್ಗೆ ಕಸದ ಡಬ್ಬ ಹೊರಗಿಡುವಾಗ ಕೋಚ್ ಸಿಕ್ಕರು. ಇಪ್ಪತ್ತೊಂದು–ಒಂದರ ಬಗ್ಗೆ ಏನು ಹೇಳೋದು ಅಂತ ನಾನು ತಡವರಿಸಿದೆ. ಅವರೇ ಶುರು ಮಾಡಿದರು. ಅಂತರ ಹತ್ತು ಗೋಲು ಮುಟ್ಟಿದ ಮೇಲೆ ಗೋಲಾದರೂ ಗಡಿಯಾರ ನಿಲ್ಲಿಸುವುದಿಲ್ಲವಂತೆ, ಸೋಲುವವರ ಪುಣ್ಯಕ್ಕೆ. ಹಾಗೆ ಗಡಿಯಾರ ಓಡುತ್ತಿರುವಾಗಲೇ ಒಬ್ಬಳು ಗೋಲು ಹೊಡೆದಳು. ಹೋದ ಸೆಪ್ಟೆಂಬರ್‌ವರೆಗೆ ಕೋಲನ್ನೇ ಮುಟ್ಟದಿದ್ದ ಹುಡುಗಿ. ಹೊಡೆದವಳು ಕುಣಿಯಲಿಲ್ಲ, ಇದು ಲೆಕ್ಕಕ್ಕೆ ಬರುತ್ತಾ ಅನ್ನೋ ಹಾಗೆ ರೆಫರಿ ಮುಖ ನೋಡಿದಳಂತೆ. ಆ ಚೆಂಡನ್ನು ಕೇಳಿ ಇಸಕೊಂಡು ಬಂದವಳು ನನ್ನ ಮಗಳು. ಈಗ ಅದು ತಾರೀಖು ಬರೆಸಿಕೊಂಡು ಗ್ಯಾರೇಜಿನ ಕಿಟಕಿಯಲ್ಲಿ ಕೂತಿದೆ. ಮಗಳು ನನಗೆ ಇದನ್ನು ಹೇಳಿರಲೇ ಇಲ್ಲ. ನಾನು ಕೇಳಿದ್ದು ಗೆದ್ರಾ ಅಂತ ತಾನೇ.

"ಕಾಲೇಜಿನವರು ಏನಂದ್ರು?" ಅಂದೆ.

"ಈಗ ಸೇರಿದವರು ಡಿಗ್ರಿ ಮುಗಿಸೋ ತನಕ ಗೆಲುವು ಸೋಲು ಕೇಳಬೇಡಿ ಅಂತ ಬರೋ ಮುಂಚೆಯೇ ಮಾತಾಡಿಕೊಂಡಿದ್ದೆ. ಇನ್ನೂ ಮೂರು ವರ್ಷ ಇದೆ."

ಮುಂದಿನ ಪಂದ್ಯಕ್ಕೆ ನಮ್ಮ ಮನೆಯಿಂದ ಚಿತ್ರಾನ್ನ. ಒಬ್ಬಳಿಗೆ ಕಡ್ಲೆಕಾಯಿ ಬೀಜ ಆಗೋದಿಲ್ಲವಂತೆ, ತಿಂದರೆ ಆಸ್ಪತ್ರೆಯೇ. ಬೀಜವಿಲ್ಲದ ಚಿತ್ರಾನ್ನ ಅದೆಂಥ ಚಿತ್ರಾನ್ನ ಅಂತ ಹೆಂಡತಿ ಗೊಣಗುತ್ತಾ ಕಡ್ಲೆಬೇಳೆ ಜಾಸ್ತಿ ಹಾಕಿ ಒಂದು ಸಲ ಮಾಡಿ ನೋಡಿದ್ದಾಳೆ.

ರಾತ್ರಿ ನಿದ್ದೆ ಬರದೆ ನಮ್ಮ ಖೋ ಖೋ ತಂಡದ ಹೆಸರುಗಳನ್ನು ಬರೆಯುತ್ತಾ ಹೋದೆ. ಹನ್ನೊಂದು ಬಂತು. ಹನ್ನೆರಡನೆಯದು ಬರಲೇ ಇಲ್ಲ. ಕೊನೆಗೆ ಪಟ್ಟಿಯನ್ನು ಊರಿನ ಗೆಳೆಯರ ಗ್ರೂಪಿಗೆ ಹಾಕಿ, ಒಬ್ಬ ಯಾರೋ ಬಿಟ್ಟುಹೋಗಿದ್ದಾನೆ ನೋಡ್ರೋ ಅಂದೆ. ಅಲ್ಲಿ ಬೆಳಗಾಗಿತ್ತು. ತಕ್ಷಣ ಉತ್ತರ ಬಂತು.

"ನೀನೇ ಕಣೋ."