ಹದಿಮೂರು ವರ್ಷ, ಒಂದೇ ಕ್ಲಬ್

ಬೆಳಗ್ಗೆಯಿಂದ ಮಾರ್ಕ್ ಶ್ನಾಟರರ್ ನೆನಪಾಗ್ತಿದ್ದಾರೆ. ಜರ್ಮನಿಯ ಫುಟ್‌ಬಾಲ್ ನೋಡುವವರಲ್ಲೂ ಈ ಆಟಗಾರನ ಹೆಸರು ಗೊತ್ತಿರುವವರು ಕಡಿಮೆ.

2008ರಲ್ಲಿ ಅವರು ಹೈಡನ್‌ಹೈಮ್‌ಗೆ ಬಂದಾಗ ಆ ಕ್ಲಬ್ ಇದ್ದದ್ದು ನಾಲ್ಕನೇ ದರ್ಜೆಯ ಲೀಗಿನಲ್ಲಿ. ಊರಿನ ಜನಸಂಖ್ಯೆ ಸುಮಾರು 50 ಸಾವಿರ, ಅಷ್ಟೇ. ಮರುವರ್ಷ ಮೂರನೇ ದರ್ಜೆ, 2014ರಲ್ಲಿ ಎರಡನೇ ದರ್ಜೆ. ಇವರೇ ಕ್ಯಾಪ್ಟನ್.

2019ರ ಜರ್ಮನ್ ಕಪ್ ಕ್ವಾರ್ಟರ್ ಫೈನಲ್ ಮರೆಯೋಕೆ ಆಗುತ್ತಾ? ಮ್ಯೂನಿಕ್‌ನಲ್ಲಿ, ದೊಡ್ಡ ಕ್ಲಬ್ ಬಯರ್ನ್ ಎದುರು, ಈ ಸಣ್ಣ ಊರಿನ ಹುಡುಗರು ನಾಲ್ಕು ಗೋಲು ಹೊಡೆದರು, ಅದರಲ್ಲಿ ಒಂದು ಶ್ನಾಟರರ್ ಅವರದು, ಕೊನೆಗೆ 5-4ರಲ್ಲಿ ಸೋತರೂ ನನಗಂತೂ ಅದು ಸೋಲು ಅಂತ ಇವತ್ತಿಗೂ ಅನ್ನಿಸಿಲ್ಲ. 2020ರಲ್ಲಿ ಬುಂಡೆಸ್‌ಲಿಗಾ, ಅಂದರೆ ಮೊದಲ ದರ್ಜೆಯ ಲೀಗಿನ ಬಾಗಿಲಿಗೇ ಬಂದಿದ್ದರು. ಅಲ್ಲಿನ ಜಾಗಕ್ಕಾಗಿ ಆ ಲೀಗಿನ ಬ್ರೆಮನ್ ಜೊತೆ ಆಡಿದ ಎರಡೂ ಪಂದ್ಯ ಡ್ರಾ, ಆದರೆ ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಬ್ರೆಮನ್ ಅಲ್ಲೇ ಉಳಿದುಕೊಂಡಿತು. ತುಂಬಾ ಸಂಕಟ ಆಗಿತ್ತು.

2021ರಲ್ಲಿ ಅವರು ಕ್ಲಬ್ ಬಿಟ್ಟು ಮೂರನೇ ದರ್ಜೆಯ ಮಾನ್‌ಹೈಮ್‌ಗೆ ಹೋದರು. ಅದಾಗಿ ಎರಡೇ ವರ್ಷ. 2023ರ ಮೇ 28ರಂದು ರೇಗನ್ಸ್‌ಬುರ್ಗ್‌ನಲ್ಲಿ 0-2 ಹಿಂದಿದ್ದ ಹೈಡನ್‌ಹೈಮ್, ಹೆಚ್ಚುವರಿ ನಿಮಿಷಗಳಲ್ಲಿ ಎರಡು ಗೋಲು ಹೊಡೆದು 3-2ರಲ್ಲಿ ಗೆದ್ದು ಬುಂಡೆಸ್‌ಲಿಗಾ ಸೇರಿತು. ಕೋಚ್ ಅದೇ ಫ್ರಾಂಕ್ ಶ್ಮಿಟ್, 2007ರಿಂದ ಇದ್ದವರು.

ಕ್ಲೈನ್‌ಡೀನ್ಸ್ಟ್ ಹೊಡೆದ ಆ ಕೊನೆಯ ಗೋಲಿನ ವಿಡಿಯೋ ಎಷ್ಟು ಸಲ ನೋಡಿದ್ದೇನೋ. ಎಲ್ಲರೂ ಓಡಿ ಬಂದು ಒಬ್ಬರ ಮೇಲೊಬ್ಬರು ಬೀಳ್ತಾರೆ, ನಾನು ಸುಮ್ನೆ ಆ ಗುಂಪಿನಲ್ಲಿ ಶ್ನಾಟರರ್ ಅವರನ್ನು ಹುಡುಕ್ತೀನಿ.